ಮೂರೂವರೆ ಮಿಲಿಮೀಟರು

ಕ್ರ್ಯಾಂಕ್‌ಶಾಫ್ಟಿನ ಪಿನ್ನು ತನ್ನ ಕೇಂದ್ರದಿಂದ ಇನ್ನೊಂದು ಮೂರೂವರೆ ಮಿಲಿಮೀಟರು ಆಚೆಗೆ ಸರಿದರೆ ಕಾರಿನ ಸ್ವಭಾವವೇ ಬೇರೆಯಾಗುತ್ತದೆ. ಓದಿ ತಿಳಿದಿದ್ದ ಈ ಮಾತು ಮೈಗೆ ತಿಳಿದದ್ದು ಗೆಳೆಯರೊಬ್ಬರ ಹಳೇ ಷೆವರ್ಲೆಯಲ್ಲಿ ಕೂತು ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂ ಮೇಲೆ ಹೋದಾಗ. ಸಿಗ್ನಲ್ ಹಸಿರಾಯಿತು. ಅವರು ಟೈರು ಕಿರುಗುಟ್ಟಿಸಲಿಲ್ಲ, ಎಂಜಿನ್ನನ್ನು ಅರಚಿಸಲಿಲ್ಲ. ಆಕ್ಸಿಲರೇಟರನ್ನು ಅರ್ಧ ಒತ್ತಿದರು, ಅಷ್ಟೆ. ಎಂಜಿನ್ನು ಇನ್ನೂ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲೇ ಇತ್ತು. ಕಾರು ಮಾತ್ರ ನನ್ನ ಬೆನ್ನನ್ನು ಸೀಟಿಗೆ ಒತ್ತಿ ಹೊರಟೇಬಿಟ್ಟಿತ್ತು. ನಮ್ಮೂರ ಕಡೆ ಇದನ್ನೇ ಪಿಕಪ್ ಅನ್ನುತ್ತಾರೆ. ರಸ್ತೆಯ ಕಾರಿಗೆ ಬೇಕಾದ ಶಕ್ತಿ ಇದೇ ಎಂದು ನನಗೆ ಅವತ್ತೇ ಖಚಿತವಾಯಿತು.

ನನ್ನದು 1972ರ ನೋವಾ. ಅದರಲ್ಲಿರುವುದು ಷೆವರ್ಲೆಯ 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ, ವಿ8. ರಿಂಗು ಸವೆದು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಬರುತ್ತಿತ್ತು. ಹೇಗೂ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಇದ್ದ ಹಾಗೆಯೇ ಮತ್ತೆ ಕಟ್ಟುವುದೋ, ಉದ್ದದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ ಸ್ಟ್ರೋಕರ್ ಮಾಡುವುದೋ ಎಂಬ ಪ್ರಶ್ನೆ ಎದುರಾಯಿತು. ಹಳೇ ಕಾರು ಇಟ್ಟುಕೊಂಡವರಿಗೆ ಈ ದೇಶದಲ್ಲಿ ಇದು ಎದುರಾಗುವ ಪ್ರಶ್ನೆಯೇ. ಉತ್ತರಗಳು ಬೇಕಾದಷ್ಟಿವೆ, ಮಾರುವವರೂ ಬೇಕಾದಷ್ಟಿದ್ದಾರೆ.

ಸ್ಟ್ರೋಕ್ ಎಂದರೆ ಪಿಸ್ಟನ್ನು ಮೇಲಿಂದ ಕೆಳಕ್ಕೆ ಓಡುವ ದೂರ. ಬೀಸುಕಲ್ಲಿನ ಗೂಟವನ್ನು ನಡುವಿನಿಂದ ಅಂಚಿನ ಕಡೆಗೆ ಸರಿಸಿ ನೆಟ್ಟರೆ ಬೀಸುವ ಕೈ ಇನ್ನಷ್ಟು ದೊಡ್ಡ ಸುತ್ತು ಹಾಕಬೇಕಾಗುತ್ತದಲ್ಲ, ಕ್ರ್ಯಾಂಕಿನ ಪಿನ್ನನ್ನು ಆಚೆಗೆ ಸರಿಸಿದರೂ ಹಾಗೆಯೇ. 350ರ ಸ್ಟ್ರೋಕ್ 3.48 ಇಂಚು. ಸ್ಟ್ರೋಕರಿನದು 3.75 ಇಂಚು. ವ್ಯತ್ಯಾಸ 0.27 ಇಂಚು, ಪಿನ್ನು ಸರಿಯುವುದು ಅದರ ಅರ್ಧ. ಅದೇ ಆ ಮೂರೂವರೆ ಮಿಲಿಮೀಟರು. ಜೊತೆಗೆ ಸಿಲಿಂಡರನ್ನು 30 ಥೌ, ಅಂದರೆ ಇಂಚಿನ ಸಾವಿರದಲ್ಲಿ ಮೂವತ್ತು ಪಾಲು, ಓವರ್‌ಸೈಜ್ ಬೋರ್ ಮಾಡಿದರೆ 350 ಹೋಗಿ 383 ಆಗುತ್ತದೆ. ಬರೀ ಬೋರ್ ಮಾಡಿ ಹಳೇ ಕ್ರ್ಯಾಂಕನ್ನೇ ಉಳಿಸಿಕೊಂಡರೆ 355. ಎರಡರ ನಡುವಿನ ಅಂತರ ಸುಮಾರು 450 ಸಿಸಿ. ಊರಿನಲ್ಲಿ ನಾನು ಗಾಡಿ ಕಲಿತದ್ದು ಮಾರುತಿ 800ರಲ್ಲಿ. ಅದರ ಇಡೀ ಎಂಜಿನ್ನು 796 ಸಿಸಿ. ಅದರ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ಒಂದಿಷ್ಟೂ ಕಾಣದ ಹಾಗೆ ಅದೇ ಬ್ಲಾಕಿನೊಳಗೆ ಸೇರಿಸಬಹುದು ಎಂಬುದು ನನಗೆ ಈಗಲೂ ಸೋಜಿಗವೇ.

ಇದು ಹೊಸ ವಿದ್ಯೆಯಲ್ಲ. ಫೋರ್ಡ್ 1932ರಲ್ಲಿ 221 ಕ್ಯೂಬಿಕ್ ಇಂಚಿನ ಫ್ಲಾಟ್‌ಹೆಡ್ ವಿ8 ಹೊರತಂದು, ಸಾಮಾನ್ಯ ಜನರ ಕಾರಿಗೂ ಎಂಟು ಸಿಲಿಂಡರು ಕೊಟ್ಟಿತು. ಆ ಎಂಜಿನ್ ಕುಟುಂಬದ ಕ್ರ್ಯಾಂಕಿನ ಸ್ಟ್ರೋಕ್ 3.75 ಇಂಚು. 1949ರಲ್ಲಿ ಅದೇ ಕಂಪನಿಯ ಮರ್ಕ್ಯುರಿ ಕಾರಿಗೆ 4 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಬಂತು. ಕ್ಯಾಲಿಫೋರ್ನಿಯಾದ ಒಣಕೆರೆಗಳ ಬಯಲಿನಲ್ಲಿ ಕಾರು ಓಡಿಸುತ್ತಿದ್ದ ಹುಡುಗರು ಅದನ್ನು ತಂದು ಫೋರ್ಡಿನ ಬ್ಲಾಕಿಗೆ ಕೂರಿಸಿದರು. ಅವರಲ್ಲಿ ಯುದ್ಧ ಮುಗಿಸಿ ಬಂದವರು ಎಷ್ಟೋ ಮಂದಿ. ಕೈಯಲ್ಲಿ ಕೆಲಸ ಇತ್ತು, ದುಡ್ಡು ಕಡಿಮೆ ಇತ್ತು. ಕಾರ್ಖಾನೆ ಒಂದು ಕಾರಿಗೆಂದು ಮಾಡಿದ್ದನ್ನು ಇನ್ನೊಂದಕ್ಕೆ ಹೊಂದಿಸುವ ಆ ಜಾಣ್ಮೆ ನನಗೆ ತುಂಬ ಹತ್ತಿರದ್ದು ಅನ್ನಿಸುತ್ತದೆ. ನಮ್ಮ ಊರುಗಳ ಮೆಕ್ಯಾನಿಕ್ಕುಗಳೂ ಬದುಕಿದ್ದು ಅದರಿಂದಲೇ.

383 ಹುಟ್ಟಿದ್ದೂ ಹೀಗೆಯೇ. ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಬ ವಿ8 1955ರಲ್ಲಿ 265 ಕ್ಯೂಬಿಕ್ ಇಂಚಿನಿಂದ ಆರಂಭವಾಗಿ 283, 327 ಎಂದು ಬೆಳೆಯುತ್ತ 1967ರಲ್ಲಿ 350 ಆಯಿತು. 1970ರಲ್ಲಿ 400 ಬಂತು. ಅಷ್ಟು ಅಗಲದ ಸಿಲಿಂಡರುಗಳನ್ನು ಅದೇ ಅಳತೆಯ ಬ್ಲಾಕಿನಲ್ಲಿ ತುಂಬಲು ಅಕ್ಕಪಕ್ಕದ ಸಿಲಿಂಡರುಗಳ ಗೋಡೆಗಳನ್ನೇ ಒಂದಕ್ಕೊಂದು ಕೂಡಿಸಬೇಕಾಯಿತು, ನಡುವೆ ನೀರು ಹರಿಯಲು ದಾರಿ ಉಳಿಯಲಿಲ್ಲ. ಆ 400ರ ಕ್ರ್ಯಾಂಕಿನ ಸ್ಟ್ರೋಕೇ 3.75. ಬ್ಲಾಕಿನ ಬೇರಿಂಗುಗಳಲ್ಲಿ ಕೂರುವ ಅದರ ಮೇನ್ ಜರ್ನಲ್ 2.65 ಇಂಚು ದಪ್ಪ, 350ರದ್ದು 2.45. ಲೇತಿಗೆ ಕಟ್ಟಿ, ಆ ದಪ್ಪವನ್ನು ಇಳಿಸಿ, 350ರ ಬ್ಲಾಕಿಗೆ ಕೂರಿಸಿದರೆ ಆಯಿತು. ಈಗ ಗುಜರಿಯಲ್ಲಿ 400 ಹುಡುಕುವ ಗೋಜಿಲ್ಲ. 2.45ರ ಜರ್ನಲ್ಲು, 3.75ರ ಸ್ಟ್ರೋಕು ಇರುವ ಹೊಸ ಕ್ರ್ಯಾಂಕುಗಳನ್ನು ಸ್ಕ್ಯಾಟ್, ಈಗಲ್ ಮುಂತಾದ ಕಂಪನಿಗಳು ಪೆಟ್ಟಿಗೆಯಲ್ಲಿಟ್ಟು ಮಾರುತ್ತವೆ. ಒಂದು ಮಾತು ಮಾತ್ರ ನೆನಪಿಡಬೇಕು: 1986ರಿಂದ ಈಚಿನ ಬ್ಲಾಕುಗಳಿಗೆ ಹಿಂಬದಿಯ ಆಯಿಲ್ ಸೀಲು ಒಂದೇ ತುಂಡಿನದು, ಅದಕ್ಕೂ ಹಿಂದಿನವಕ್ಕೆ ಎರಡು ತುಂಡಿನದು. ಬ್ಲಾಕಿಗೆ ತಕ್ಕ ಕ್ರ್ಯಾಂಕನ್ನೇ ಕೇಳಿ ತರಬೇಕು.

ಉದ್ದದ ಸ್ಟ್ರೋಕಿಗೆ ಟಾರ್ಕ್ ಏಕೆ ಹೆಚ್ಚು ಎಂದು ಕೇಳಿದರೆ ಬಹಳ ಜನ ಮೀಟುಗೋಲಿನ ಲೆಕ್ಕ ಹೇಳುತ್ತಾರೆ: ಪಿನ್ನು ದೂರ ಹೋಯಿತು, ತಿರುಗಿಸುವ ಬಲ ಹೆಚ್ಚಾಯಿತು ಎಂದು. ಇದು ಅರ್ಧ ನಿಜ. ಒಟ್ಟು ಗಾತ್ರ ಅಷ್ಟೇ ಇಟ್ಟು ಸ್ಟ್ರೋಕ್ ಮಾತ್ರ ಉದ್ದ ಮಾಡಿದರೆ ಸಿಲಿಂಡರನ್ನು ಸಣ್ಣದು ಮಾಡಲೇಬೇಕು. ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಒತ್ತಡದ ಜಾಗವೂ ಅಷ್ಟೇ ಕಿರಿದಾಗುತ್ತದೆ. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಯಿತು. ನಿಜವಾಗಿ ಟಾರ್ಕ್ ಕೊಡುವುದು ಪ್ರತಿ ಸುತ್ತಿಗೆ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿ ಮತ್ತು ಪೆಟ್ರೋಲು. ಬ್ಲಾಕಿನಲ್ಲಿ ಸಿಲಿಂಡರನ್ನು ಅಗಲ ಮಾಡಲು ಹೆಚ್ಚು ಜಾಗವಿಲ್ಲ, ಉದ್ದಕ್ಕೆ ಸ್ವಲ್ಪ ಜಾಗವಿದೆ. ಹಾಗಾಗಿ ಆ ದಾರಿ ಹಿಡಿಯುತ್ತೇವೆ. ಇದು ತಿಳಿದಿದ್ದರೆ ಮುಂದಿನದೂ ತಾನಾಗಿ ಅರ್ಥವಾಗುತ್ತದೆ. ಅದೇ ಹೆಡ್ಡು, ಅದೇ ಕ್ಯಾಮ್ ಇಟ್ಟು ಎಂಜಿನ್ನಿನ ಗಾತ್ರ ಹೆಚ್ಚಿಸಿದರೆ ಅದು ಕೆಳಗಿನ ಸುತ್ತಿನಲ್ಲೇ ತನ್ನ ಪೂರ್ತಿ ಬಲ ಕೊಡುತ್ತದೆ, ಮೇಲಿನ ಸುತ್ತಿನಲ್ಲಿ ಬೇಗ ಏದುತ್ತದೆ. 350ರಲ್ಲಿ ಐಡ್ಲಿಂಗ್ ನಿಲ್ಲದೆ ನಡುಗಿಸುವ ಕ್ಯಾಮ್ 383ರಲ್ಲಿ ಎಷ್ಟೋ ಸೌಮ್ಯ.

ಏದುವುದಕ್ಕೂ ಒಂದು ಲೆಕ್ಕವಿದೆ. 3.75 ಇಂಚಿನ ಸ್ಟ್ರೋಕಿನಲ್ಲಿ, ನಿಮಿಷಕ್ಕೆ 6000 ಸುತ್ತಿನಲ್ಲಿ, ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19 ಮೀಟರು. 3.48ರಲ್ಲಿ ಇದೇ 17.7 ಆಗುತ್ತಿತ್ತು. ಪ್ರತಿ ತುದಿಯಲ್ಲೂ ಪಿಸ್ಟನ್ನು ನಿಂತು ತಿರುಗಬೇಕು. ಆ ಎಳೆತವನ್ನೆಲ್ಲ ತಡೆಯುವುದು ಕನೆಕ್ಟಿಂಗ್ ರಾಡು ಮತ್ತು ಅದರ ಎರಡು ಬೋಲ್ಟುಗಳು. ಸುತ್ತು ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಓಟದ ಅಂಕಣಕ್ಕೆ ಹೋಗುವವರು 7000 ಸುತ್ತಿನ ಮಾತಾಡಲಿ. ನಾನು ನಮ್ಮ ಟ್ರಾಯ್ ಊರಿನಿಂದ ಡೆಟ್ರಾಯ್ಟಿಗೆ, ಭಾನುವಾರ ಗೆಳೆಯರ ಮನೆಗೆ, ಬೇಸಗೆಯಲ್ಲಿ ಉತ್ತರದ ಕೆರೆಗಳ ಕಡೆಗೆ ಓಡಿಸುವವನು. ನನ್ನ ಎಂಜಿನ್ನು ಬದುಕುವುದು 1500ರಿಂದ 4500ರ ನಡುವೆ. ಆಯ್ಕೆ ಮಾಡಬೇಕಾದ್ದೂ ಆ ಬದುಕಿಗೇ. ಉಳಿದದ್ದೆಲ್ಲ ನನಗೆ ಇದರಿಂದ ಹೊರಟ ಮಾತು.

ದಾವಣಗೆರೆಯಲ್ಲಿ ಎಂಜಿನ್ ರೀಬೋರಿಂಗ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪನ ಮಗನಿಗೆ ವಿಡಿಯೋ ಕರೆಯಲ್ಲಿ ಬಿಚ್ಚಿದ ಬ್ಲಾಕ್ ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನೆ ನೋಡಿದ.

"ಅಣ್ಣಾ, ಇದಕ್ಕೆ ಲೈನರ್ ಇಲ್ಲೇನು? ಬ್ಲಾಕಿಗೇ ಬೋರ್ ಹೊಡೀತಾರಾ?"

"ಹೌದಪ್ಪಾ. ಎರಕದಲ್ಲೇ ಸಿಲಿಂಡರು."

"ಹಂಗಾದ್ರೆ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಮೊದ್ಲು ನೋಡಿಸು. ಆಮೇಲೆ ಕ್ರ್ಯಾಂಕಿನ ಮಾತು."

ಅವನ ಕೈಗೆ ಬರುವ ಲಾರಿ ಎಂಜಿನ್ನುಗಳಲ್ಲಿ ಲೈನರ್ ಸವೆದರೆ ಕಿತ್ತು ಹೊಸದನ್ನು ಹಾಕಿದರಾಯಿತು. ಇಲ್ಲಿ ಕೆರೆದು ತೆಗೆದ ಲೋಹ ಮತ್ತೆ ಬರುವುದಿಲ್ಲ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಒಂದಿಷ್ಟು ಜರುಗಿದ್ದರೂ ಸಿಲಿಂಡರಿನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿನಿಂದ ಅದು ಕಾಣುವುದಿಲ್ಲ. ಅಲ್ಟ್ರಾಸೌಂಡ್ ಉಪಕರಣ ಹಿಡಿದು ಸುತ್ತಲೂ ಅಳೆಯಬೇಕು. ಎಂಟು ಸಾವಿರ ಮೈಲಿಯಾಚೆ ಕೂತ ಅವನು ಹೇಳಿದ್ದನ್ನೇ ನನ್ನ ಮನೆಯ ಹತ್ತಿರದ ಮಷೀನ್ ಶಾಪಿನ ಯಜಮಾನರೂ ಹೇಳಿದರು. ಎಪ್ಪತ್ತು ದಾಟಿದವರು, ಮಾತು ಕಡಿಮೆ. ಬ್ಲಾಕಿನ ಮುಂಭಾಗದಲ್ಲಿ ಒತ್ತಿದ ಗುರುತು 'ವಿ' ಅಕ್ಷರದಿಂದ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಅಂದರೆ ಫ್ಲಿಂಟಿನ ಕಾರ್ಖಾನೆಯಲ್ಲಿ ಜೋಡಿಸಿದ ಎಂಜಿನ್ನು, ಇಲ್ಲಿಂದ ಒಂದು ಗಂಟೆಯ ದಾರಿ. ಆ ಕಬ್ಬಿಣವನ್ನು ಬಿಟ್ಟು ಬೇರೆಯದನ್ನು ತರಲು ನನಗೆ ಆಮೇಲೆ ಮನಸ್ಸಾಗಲೇ ಇಲ್ಲ.

ಶಾರ್ಟ್ ಬ್ಲಾಕ್ ಎಂದರೆ ಬ್ಲಾಕು, ಕ್ರ್ಯಾಂಕು, ರಾಡು, ಪಿಸ್ಟನ್ನು, ರಿಂಗು, ಬೇರಿಂಗು ಇಷ್ಟು ಜೋಡಿಸಿದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಫ್ ಎಂಜಿನ್ ಎಂದು ಕೇಳಿದರೆ ಕೊಡುವುದು ಇದನ್ನೇ. ಹೆಡ್ಡು, ವಾಲ್ವು, ಕಾರ್ಬುರೇಟರು ಇದರಲ್ಲಿ ಸೇರಿಲ್ಲ. ಹೀಗಿರುವಾಗ ಜಾಹೀರಾತುಗಳಲ್ಲಿ ಶಾರ್ಟ್ ಬ್ಲಾಕಿನ ಪಕ್ಕದಲ್ಲಿ 500 ಅಶ್ವಶಕ್ತಿ, 600 ಅಶ್ವಶಕ್ತಿ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಹೆಡ್ಡೇ ಇಲ್ಲದ ಎಂಜಿನ್ನು ಉಸಿರಾಡುವುದು ಹೇಗೆ, ಶಕ್ತಿ ಕೊಡುವುದು ಹೇಗೆ? ಅಷ್ಟನ್ನು ತಾಳಿಕೊಳ್ಳುತ್ತದೆ ಎಂಬುದು ಅವರ ಅರ್ಥ. ತಾಳಿಕೆಯನ್ನು ನಿರ್ಧರಿಸುವುದು ಆ ಸಂಖ್ಯೆಯಲ್ಲ, ಒಳಗೆ ಯಾರು ಹೇಗೆ ಕೆಲಸ ಮಾಡಿದ್ದಾರೆ ಎಂಬುದು. ಮನೆ ಬಾಗಿಲಿಗೆ ಬರುವ ಸಿದ್ಧ ಶಾರ್ಟ್ ಬ್ಲಾಕುಗಳಲ್ಲೂ ಒಳ್ಳೆಯವಿವೆ. ಆದರೆ ಪ್ರತಿ ಬೇರಿಂಗಿನ ಸಂದು ಎಷ್ಟು, ಪ್ರತಿ ಸಿಲಿಂಡರಿನ ಅಳತೆ ಎಷ್ಟು ಎಂದು ಕೈಬರಹದಲ್ಲೋ ಮುದ್ರಿಸಿಯೋ ಕೊಡದವರಿಂದ ಕೊಳ್ಳಬಾರದು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಮಷೀನ್ ಶಾಪಿನ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಬ್ಲಾಕನ್ನು ಬಿಸಿ ತೊಟ್ಟಿಯಲ್ಲಿ ಕುದಿಸಿ ದಶಕಗಳ ಜಿಡ್ಡು ತೆಗೆಯುತ್ತಾರೆ. ಆಮೇಲೆ ಅಯಸ್ಕಾಂತ ಹಿಡಿದು, ಕಬ್ಬಿಣದ ಪುಡಿ ಉದುರಿಸಿ ಬಿರುಕು ಹುಡುಕುತ್ತಾರೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಕ್ರ್ಯಾಂಕು ಕೂರುವ ಐದು ಜಾಗಗಳು ಒಂದೇ ನೇರದಲ್ಲಿವೆಯೇ ಎಂದು ನೋಡಿ, ಇಲ್ಲದಿದ್ದರೆ ಒಟ್ಟಿಗೆ ಹೋನ್ ಮಾಡುತ್ತಾರೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಸಿಲಿಂಡರಿನ ಹೋನಿಂಗ್. ಬೋರ್ ಮಾಡಿ ಕೊನೆಯ ಕೆಲವು ಥೌ ಉಳಿದಾಗ ಯಜಮಾನರು ಬ್ಲಾಕಿನ ಮೇಲೆ ದಪ್ಪ ಉಕ್ಕಿನ ಹಲಗೆಯೊಂದನ್ನು ಇಟ್ಟು, ಹೆಡ್ಡಿನ ಬೋಲ್ಟುಗಳನ್ನು ಹೆಡ್ಡಿಗೆ ಬಿಗಿಯುವಷ್ಟೇ ಬಿಗಿದರು. ಬೋಲ್ಟು ಬಿಗಿದಾಗ ಕಬ್ಬಿಣದ ಸಿಲಿಂಡರೂ ಒಂದಿಷ್ಟು ಸೊಟ್ಟಗಾಗುತ್ತದೆ. ಸಡಿಲ ಬ್ಲಾಕಿನಲ್ಲಿ ಪೂರ್ತಿ ದುಂಡಗೆ ಮಾಡಿದರೆ ಹೆಡ್ಡು ಕೂತ ಮೇಲೆ ಅದು ದುಂಡಗಿರುವುದಿಲ್ಲ. ರಿಂಗು ಅಲ್ಲಲ್ಲಿ ಗೋಡೆ ಬಿಟ್ಟು ನಿಲ್ಲುತ್ತದೆ, ಆಯಿಲ್ ಮೇಲೆ ಹತ್ತುತ್ತದೆ. ಬಿಗಿದ ಸ್ಥಿತಿಯಲ್ಲೇ ದುಂಡಗೆ ಮಾಡಿದರೆ ಓಡುವಾಗ ದುಂಡಗಿರುತ್ತದೆ. ಎಂಜಿನ್ನು ಓಡುವ ಸ್ಥಿತಿಯನ್ನು ಮೊದಲೇ ಊಹಿಸಿ, ಅಲ್ಲಿಗೆ ಸರಿಹೋಗುವಂತೆ ಇಲ್ಲಿ ಕೆಲಸ ಮಾಡುವುದು. ಹೋನಿನ ಕಲ್ಲುಗಳು ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುತ್ತ ಗೋಡೆಯ ಮೇಲೆ ಓರೆಗೆರೆಗಳ ಜಾಲ ಬಿಡಿಸುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆ ಗೆರೆಗಳಲ್ಲೇ ಆಯಿಲ್ ನಿಲ್ಲಬೇಕು.

ದುಡ್ಡು ಮೊದಲು ಹೋಗಬೇಕಾದ್ದು ಇಲ್ಲಿಗೆ. ಫೋರ್ಜ್ ಮಾಡಿದ 4340 ಉಕ್ಕಿನ ಕ್ರ್ಯಾಂಕ್ ಬೇಕೇ ಬೇಕು ಎಂದು ಹಟ ಹಿಡಿದು, ಬೋರಿಂಗನ್ನು ಅಗ್ಗದ ಕಡೆ ಮಾಡಿಸುವವರನ್ನು ಕಂಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಟರ್ಬೋ ಇಲ್ಲ, ನೈಟ್ರಸ್ ಇಲ್ಲ, 400 ಅಶ್ವಶಕ್ತಿಯ ಸುತ್ತಮುತ್ತ ಇರುವ ರಸ್ತೆಯ ಕಾರಿಗೆ ಎರಕದ ಉಕ್ಕಿನ ಕ್ರ್ಯಾಂಕ್ ಸಾಕು. ಮೇನ್ ಕ್ಯಾಪಿಗೆ ನಾಲ್ಕು ಬೋಲ್ಟು ಇಲ್ಲ, ಎರಡೇ ಇದೆ ಎಂದು ಒಳ್ಳೆಯ ಬ್ಲಾಕನ್ನು ಬಿಡಬೇಕಾಗಿಯೂ ಇಲ್ಲ. ರಾಡು ಮತ್ತು ಅದರ ಬೋಲ್ಟಿನ ವಿಷಯದಲ್ಲಿ ಮಾತ್ರ ನಾನು ಕೈ ಬಿಗಿ ಹಿಡಿಯಲಿಲ್ಲ. ರಾಡು ತುಂಡಾದರೆ ಬ್ಲಾಕಿನ ಪಕ್ಕೆಯನ್ನೇ ಒಡೆದು ಹೊರಬರುತ್ತದೆ, ಫ್ಲಿಂಟಿನ ಆ ಕಬ್ಬಿಣವೂ ಅದರ ಜೊತೆಗೇ ಹೋಗುತ್ತದೆ.

ರಾಡಿನ ಉದ್ದ 5.7 ಇಂಚೋ 6 ಇಂಚೋ ಎಂಬುದರ ಮೇಲೆ ಇಲ್ಲಿ ಹಳೇ ಸ್ನೇಹಿತರೇ ಮುನಿಸಿಕೊಳ್ಳುತ್ತಾರೆ. ಉದ್ದ ರಾಡಿನಲ್ಲಿ ಪಿಸ್ಟನ್ನು ಗೋಡೆಗೆ ಒರಗುವುದು ಕಡಿಮೆ. ಆದರೆ ಬ್ಲಾಕಿನ ಎತ್ತರ 9.025 ಇಂಚು, ಅದು ಬದಲಾಗದು. ರಾಡು ಉದ್ದವಾದಷ್ಟೂ ಪಿಸ್ಟನ್ನು ಗಿಡ್ಡವಾಗಬೇಕು, ಅದರ ಪಿನ್ನು ಆಯಿಲ್ ರಿಂಗಿನ ಹತ್ತಿರಕ್ಕೆ ಏರಬೇಕು. ಫೋರ್ಡ್ 302ನ್ನು 347 ಮಾಡುವವರಲ್ಲೂ ಇದೇ ಚರ್ಚೆ ವರ್ಷಗಟ್ಟಲೆ ನಡೆದಿದೆ. ಅದಕ್ಕೇ ಅವರಲ್ಲಿ ಕೆಲವರು 331ಕ್ಕೆ ತೃಪ್ತರಾಗುತ್ತಾರೆ. ರಿಂಗಿಗೆ ಗಟ್ಟಿ ಆಸರೆ ಇರಲಿ ಎಂದು ನಾನು 5.7ನ್ನೇ ಆರಿಸಿದೆ.

ಪಿಸ್ಟನ್ನಿನಲ್ಲಿ ಮಿಶಿಗನ್ನಿನ ಚಳಿಯೂ ಲೆಕ್ಕಕ್ಕೆ ಬಂತು. 2618 ಎಂಬ ಮಿಶ್ರಲೋಹದ ಫೋರ್ಜ್ ಪಿಸ್ಟನ್ನು ಬಲು ಗಟ್ಟಿ, ಆದರೆ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಸಂದು ಹೆಚ್ಚು ಬಿಡಬೇಕು. ತಣ್ಣಗಿದ್ದಾಗ ಗೋಡೆಗೆ ಬಡಿದು ಸದ್ದು ಮಾಡುತ್ತದೆ. 4032ರಲ್ಲಿ ಸಿಲಿಕಾನ್ ಹೆಚ್ಚು, ಹಿಗ್ಗುವುದು ಕಡಿಮೆ. ರಸ್ತೆಗೆ ಇದೇ ಸರಿ.

ಇನ್ನು ಕಂಪ್ರೆಷನ್ ಅನುಪಾತ. ಸ್ಟ್ರೋಕರಿನಲ್ಲಿ ಎಲ್ಲರೂ ಎಚ್ಚರ ವಹಿಸಬೇಕಾದ ಜಾಗ ಇದು. ಸಿಲಿಂಡರು ಹೆಚ್ಚು ಗಾಳಿ ಎಳೆದುಕೊಂಡು ಹೆಡ್ಡಿನ ಅಷ್ಟೇ ಜಾಗಕ್ಕೆ ಒತ್ತುತ್ತದಲ್ಲ. 64 ಸಿಸಿ ಚೇಂಬರಿನ ಹೆಡ್ಡಿಗೆ ಚಪ್ಪಟೆ ಪಿಸ್ಟನ್ ಹಾಕಿ, ಗ್ಯಾಸ್ಕೆಟ್ಟಿನ ದಪ್ಪವನ್ನೂ ಸೇರಿಸಿ ಲೆಕ್ಕ ಮಾಡಿದೆ: 355ರಲ್ಲಿ 10.4 ಬರುವ ಕಡೆ 383ರಲ್ಲಿ 11.1 ಬರುತ್ತದೆ. ಬಂಕಿನ ಪೆಟ್ರೋಲಿಗೆ ಅದು ಹೆಚ್ಚು, ನಾಕಿಂಗ್ ಶುರುವಾಗುತ್ತದೆ. ಹಾಗಾಗಿ ತಲೆಯಲ್ಲಿ 12 ಸಿಸಿ ತಗ್ಗಿರುವ ಪಿಸ್ಟನ್ ತರಿಸಿದೆ, 10.3ಕ್ಕೆ ಇಳಿಯಿತು. ಅಲ್ಯೂಮಿನಿಯಂ ಹೆಡ್ಡು, ಇಲ್ಲಿ ಸಿಗುವ 93 ಆಕ್ಟೇನಿನ ಪೆಟ್ರೋಲು. ಅದಕ್ಕೆ ಇಷ್ಟು ಹಿಡಿಸುತ್ತದೆ. (ಭಾರತದ ಬಂಕಿನ ಸಂಖ್ಯೆಯನ್ನು ಇದರ ಜೊತೆ ಹೋಲಿಸಬಾರದು, ಅಲ್ಲಿ ಅಳೆಯುವ ಕ್ರಮ ಬೇರೆ, ಅದೇ ಪೆಟ್ರೋಲಿಗೆ ಅಲ್ಲಿ ನಾಲ್ಕೈದು ಅಂಕ ಹೆಚ್ಚು ಬರುತ್ತದೆ.)

ಒಂದು ಸಂಜೆ ಯಜಮಾನರು ಕ್ರ್ಯಾಂಕನ್ನು ಬ್ಲಾಕಿನಲ್ಲಿ ಸುಮ್ಮನೆ ಇಟ್ಟು, ಒಂದೊಂದೇ ರಾಡು ಪಿಸ್ಟನ್ನು ಕೂರಿಸಿ, ಕೈಯಿಂದ ನಿಧಾನ ತಿರುಗಿಸಿ ತೋರಿಸಿದರು. ಆ ಮೂರೂವರೆ ಮಿಲಿಮೀಟರಿಗೆ ಬ್ಲಾಕಿನೊಳಗೆ ಜಾಗ ಮಾಡಬೇಕು. ರಾಡಿನ ಬೋಲ್ಟು ಆಯಿಲ್ ಚೇಂಬರು ಕೂರುವ ಅಂಚಿನ ಹತ್ತಿರ ಬ್ಲಾಕಿಗೆ ತಾಗುತ್ತಿತ್ತು. ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ ಗ್ರೈಂಡರಿನಿಂದ ತೆಳುವಾಗಿ ಸವರಿದರು. ಹೆಚ್ಚು ಸವರಿದರೆ ಹಿಂದೆಯೇ ನೀರಿನ ದಾರಿ ಇದೆ. ಮೇಲೆ ಕ್ಯಾಮ್‌ಶಾಫ್ಟಿಗೂ ರಾಡಿಗೂ ನಡುವೆ ಕನಿಷ್ಠ 50 ಥೌ ಸಂದು ಉಳಿಯಬೇಕು. ಫೀಲರ್ ಗೇಜ್ ನನ್ನ ಕೈಗೇ ಕೊಟ್ಟು ನೋಡು ಎಂದರು. ಕ್ಯಾಮ್‌ನ ಪ್ರತಿ ಉಬ್ಬಿನ ಹತ್ತಿರವೂ ನಾನೇ ನೋಡಿದೆ. ಎಲ್ಲ ಬಿಚ್ಚಿ, ಕ್ರ್ಯಾಂಕನ್ನು ಬ್ಯಾಲೆನ್ಸ್ ಮಾಡಲು ಕಟ್ಟಿದರು. 400ರಂತೆ ಹೊರಗಿನ ಡ್ಯಾಂಪರಿಗೂ ಫ್ಲೈವೀಲಿಗೂ ತೂಕ ಸೇರಿಸಿ ಸರಿದೂಗಿಸಬಹುದು, ಖರ್ಚೂ ಕಡಿಮೆ. ನಾನು ಒಳಗೇ ಸರಿದೂಗಿಸಿ ಎಂದು ಕೇಳಿಕೊಂಡೆ. ಕೌಂಟರ್‌ವೇಟಿನಲ್ಲಿ ತೂತು ಕೊರೆದು ಟಂಗ್‌ಸ್ಟನ್ ತುಂಡು ತುಂಬಬೇಕಾಯಿತು. ಮುಂದೆ ಯಾರು ಈ ಕಾರು ಕೊಂಡರೂ, ಯಾವ ಸಾಮಾನ್ಯ ಫ್ಲೈವೀಲ್ ಹಾಕಿದರೂ ಎಂಜಿನ್ನು ನಡುಗುವುದಿಲ್ಲ.

ಮಗ ಕೇಳುತ್ತಾನೆ: "ಅಪ್ಪಾ, ಎಲೆಕ್ಟ್ರಿಕ್ ಕಾರಿಗೆ ಸೊನ್ನೆಯಿಂದಲೇ ಪೂರ್ತಿ ಟಾರ್ಕ್ ಇರುತ್ತಲ್ವಾ?" ಇರುತ್ತದೆ, ಅವನು ಹೇಳುವುದು ಸರಿ. ಬರೀ ಪಿಕಪ್ಪಿಗಾಗಿ ಯಾರೂ ಈಗ ಇಷ್ಟು ಕಷ್ಟಪಡಬೇಕಾಗಿಲ್ಲ. ಆದರೆ ಐವತ್ತು ವರ್ಷ ದಾಟಿದ ಒಂದು ಬ್ಲಾಕನ್ನು ಅಳೆದು, ತಿದ್ದಿ, ಇನ್ನೊಂದು ಐವತ್ತು ವರ್ಷಕ್ಕೆ ಸಿದ್ಧ ಮಾಡುವುದನ್ನು ಅವನು ಪಕ್ಕದಲ್ಲಿ ನಿಂತು ಕಲಿಯಲಿ ಎಂಬ ಆಸೆ ನನಗಿದೆ. ರಿಂಗಿನ ಬಾಯಿಯನ್ನು ಅರದಿಂದ ಉಜ್ಜಿ 16 ಥೌ ಸಂದಿಗೆ ತರುವ ಕೆಲಸ ಅವನದೇ ಎಂದು ತೀರ್ಮಾನವಾಗಿದೆ.

ಓವರ್‌ಸೈಜನ್ನು 30 ಥೌನಲ್ಲೇ ನಿಲ್ಲಿಸಿದೆವು. 60ಕ್ಕೆ ಹೋಗಿದ್ದರೆ ಇನ್ನೂ ಕೆಲವು ಕ್ಯೂಬಿಕ್ ಇಂಚು ಸಿಗುತ್ತಿತ್ತು, ಗೋಡೆ ತೆಳುವಾಗಿ ಬೇಸಗೆಯ ಟ್ರಾಫಿಕ್ಕಿನಲ್ಲಿ ಎಂಜಿನ್ನು ಕಾಯುತ್ತಿತ್ತು, ಮುಂದಿನ ಸಲ ಬೋರ್ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಈಗ ಉಳಿದಿರುವುದು ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ನಿನ ಮಾತು. ಅದರ ಅನುಪಾತ ಸದ್ಯ 3.08. ಇಂಥ ಎಂಜಿನ್ ಹಾಕಿದ ಮೇಲೆ 3.73 ಹಾಕಿಸಲೇಬೇಕು ಎಂದು ಗೆಳೆಯರು ಒತ್ತಾಯ ಮಾಡುತ್ತಿದ್ದಾರೆ. ದಾವಣಗೆರೆಗೆ ಫೋನ್ ಮಾಡಿ ಕೇಳಿದೆ. "ಅಣ್ಣಾ, ಕೆಳಗೇ ಅಷ್ಟು ದಮ್ಮು ಮಾಡಿಸಿದೀಯ, ಮತ್ತೆ ಯಾಕೆ ಸುಮ್ನೆ ಸುತ್ತು ಏರಿಸ್ತೀಯ?" ಎಂದ. ಲೆಕ್ಕ ಹಾಕಿ ನೋಡಿದೆ. ಓವರ್‌ಡ್ರೈವ್ ಇಲ್ಲದ ನನ್ನ ಗೇರ್‌ಬಾಕ್ಸಿನಲ್ಲಿ, 26 ಇಂಚಿನ ಟೈರಿನಲ್ಲಿ, ಹೆದ್ದಾರಿಯ ಮೇಲೆ 70 ಮೈಲಿ ವೇಗಕ್ಕೆ 3.73ರಲ್ಲಿ ಎಂಜಿನ್ನು 3400ರ ಹತ್ತಿರ ಸುತ್ತುತ್ತದೆ, 3.08ರಲ್ಲಿ 2800. ಐ-75 ಹಿಡಿದು ಮ್ಯಾಕಿನಾ ಸೇತುವೆಯವರೆಗೆ ನಾಲ್ಕು ಗಂಟೆ ಓಡಿಸುವವನಿಗೆ ಆ ಆರುನೂರು ಸುತ್ತು ಸಣ್ಣ ವಿಷಯವಲ್ಲ. 3.08 ಹಾಗೇ ಇರಲಿ ಎಂದು ಯಜಮಾನರಿಗೆ ಹೇಳಿದ್ದೇನೆ. ಅದಕ್ಕೆ ಹೊಂದುವ ಕ್ಯಾಮ್ ಯಾವುದೆಂದು ಶನಿವಾರ ಅಂಗಡಿಗೆ ಹೋಗಿ ಕೂತು ಮಾತಾಡಬೇಕು.